ನೈಲಾನ್ ಕೋವಿಯ ಜೀರ್ಣೋದ್ಧಾರ

ಹಳೆಯ ವಸ್ತುವೊಂದನ್ನು ಶ್ರದ್ಧೆಯಿಂದ ಸರಿಪಡಿಸಿ ಮರಳಿ ಬಳಕೆಗೆ ತರುವ ಕಾರ್ಯದಲ್ಲಿ ನಮ್ಮ ಜನರಿಗೆ ಗೌರವವಿಲ್ಲವೆಂದು ಯಾರೂ ಹೇಳಲಾರರು. ಆದರೆ ಆ ಗೌರವವು ಶಿಲೆ, ದಾರು, ಲೋಹಗಳ ತನಕ ಬಂದು ಅಲ್ಲಿಗೇ ನಿಂತುಬಿಡುತ್ತದೆ. ಶಿಥಿಲವಾದ ದೇಗುಲದ ಕಂಬವನ್ನು ಮರಳಿ ನಿಲ್ಲಿಸಿದ ಶಿಲ್ಪಿಯನ್ನು ಕೊಂಡಾಡುತ್ತೇವೆ. ತಾತನ ಕಾಲದ ಗಡಿಯಾರವನ್ನು ಮತ್ತೆ ನಡೆಯುವಂತೆ ಮಾಡಬಲ್ಲ ಕುಶಲಿಯನ್ನು ಹುಡುಕಿಕೊಂಡು ಊರಿಂದೂರಿಗೆ ಹೋಗುತ್ತೇವೆ. ಆದರೆ ಮನುಷ್ಯನು ತನ್ನ ಪ್ರಯೋಗಶಾಲೆಯಲ್ಲಿ ಕಂಡುಕೊಂಡ ಕೃತಕ ದ್ರವ್ಯದ ವಸ್ತುವೊಂದು ಬಿರುಕುಬಿಟ್ಟರೆ, ಅದು ಎಷ್ಟೇ ಹಳೆಯದಾಗಿರಲಿ, ಅದರ ನಿರ್ಮಾಣದಲ್ಲಿ ಎಂತಹ ಬುದ್ಧಿಶಕ್ತಿ ವ್ಯಯವಾಗಿರಲಿ, ಅದನ್ನು ಎಸೆದುಬಿಡುವುದೇ ನ್ಯಾಯವೆಂದು ಎರಡನೆಯ ಆಲೋಚನೆಯಿಲ್ಲದೆ ನಿಶ್ಚಯಿಸುತ್ತೇವೆ. ಈ ನಿಶ್ಚಯವು ಅವಿಚಾರದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಸಮರ್ಥಿಸುವುದಕ್ಕೆ ಅಮೆರಿಕದಲ್ಲಿ ತಯಾರಾದ ಒಂದು ಸಣ್ಣ ಕೋವಿಯ ವೃತ್ತಾಂತಕ್ಕಿಂತ ಉತ್ತಮವಾದ ನಿದರ್ಶನ ನನಗೆ ತಿಳಿದಿಲ್ಲ. ಅದರ ಹೆಸರು ರೆಮಿಂಗ್ಟನ್ ನೈಲಾನ್ 66.

ಈ ಕೋವಿಯ ಕಥೆ ಆಯುಧದ ಕಾರ್ಖಾನೆಯಲ್ಲಿ ಆರಂಭವಾಗುವುದಿಲ್ಲ. ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ನಗರದಲ್ಲಿದ್ದ ಡ್ಯುಪಾಂಟ್ ಸಂಸ್ಥೆಯ ಸಂಶೋಧನಾಲಯದಲ್ಲಿ, ವ್ಯಾಲೇಸ್ ಕರೋಥರ್ಸ್ ಎಂಬ ರಸಾಯನಶಾಸ್ತ್ರಜ್ಞನ ನೇತೃತ್ವದಲ್ಲಿ, 1935ರ ಫೆಬ್ರವರಿಯಲ್ಲಿ, ತಲಾ ಆರಾರು ಇಂಗಾಲದ ಪರಮಾಣುಗಳುಳ್ಳ ಎರಡು ದ್ರವ್ಯಗಳ ಸಂಯೋಗದಿಂದ ಒಂದು ಹೊಸ ವಸ್ತು ಹುಟ್ಟಿತು. ಆ ಎರಡು ಆರುಗಳೇ ಅದರ ಹೆಸರಿನ 66 ಆದವು. ಎರಡೇ ವರ್ಷಗಳ ತರುವಾಯ, ತನ್ನ ಆವಿಷ್ಕಾರವು ಲೋಕವನ್ನು ವ್ಯಾಪಿಸುವುದನ್ನು ಕಾಣದೆಯೇ, ಕರೋಥರ್ಸ್ ತೀರಿಕೊಂಡ. ನೈಲಾನ್ ಮೊದಲು ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ, ಅನಂತರ ಸ್ತ್ರೀಯರ ಕಾಲುಚೀಲವಾಗಿ, ಮಹಾಯುದ್ಧದ ಕಾಲದಲ್ಲಿ ಪ್ಯಾರಾಷೂಟಿನ ಬಟ್ಟೆಯಾಗಿ ಪ್ರಸಿದ್ಧಿಗೆ ಬಂದಿತು. ರೆಮಿಂಗ್ಟನ್ ಕಂಪನಿಯ ಪ್ರಧಾನ ಪಾಲು 1933ರಿಂದಲೇ ಡ್ಯುಪಾಂಟಿನ ಕೈಯಲ್ಲಿದ್ದುದರಿಂದ, ಈ ದ್ರವ್ಯವು ಕೋವಿಯ ಕಾರ್ಖಾನೆಯ ಬಾಗಿಲಿಗೆ ಬಂದದ್ದು ಆಕಸ್ಮಿಕವೇನೂ ಅಲ್ಲ.

ಯುದ್ಧಾನಂತರದ ದಿನಗಳಲ್ಲಿ ಕೋವಿಯ ಹಿಡಿಗೆ ಬೇಕಾದ ವಾಲ್ನಟ್ ಮರವನ್ನು ಕೊಯ್ದು, ಒಣಗಿಸಿ, ಕೆತ್ತಿ, ಉಜ್ಜಿ, ಎಣ್ಣೆ ಕುಡಿಸುವ ಕೆಲಸಕ್ಕೆ ತಗಲುವ ವೆಚ್ಚವು, ಸಾಮಾನ್ಯನು ಕೊಳ್ಳಬಹುದಾದ ಸಣ್ಣ ಕೋವಿಯ ಬೆಲೆಗೆ ಸರಿಹೊಂದದಂತಾಗಿತ್ತು. ರೆಮಿಂಗ್ಟನ್ನಿನ ಎಂಜಿನಿಯರುಗಳು ಡ್ಯುಪಾಂಟಿನ ರಸಾಯನಜ್ಞರ ಮುಂದೆ ತಮ್ಮ ಬೇಡಿಕೆಗಳನ್ನಿಟ್ಟರು: ತಮಗೆ ಬೇಕಾದ ದ್ರವ್ಯವು ಎರಕದ ಅಚ್ಚಿನಲ್ಲಿ ಬೇಕಾದ ಆಕಾರವನ್ನು ತಾಳಬೇಕು, ತಾಳಿದ ಆಕಾರವನ್ನು ಬಿಡಬಾರದು, ಪೆಟ್ಟಿಗೆ ಒಡೆಯಬಾರದು, ಉಜ್ಜಿದರೆ ಸವೆಯಬಾರದು, ಬಿಸಿಲಿಗೂ ಹಿಮಕ್ಕೂ ಜಗ್ಗಬಾರದು, ಎಣ್ಣೆ, ದ್ರಾವಕ, ಬೂಷ್ಟು, ಹುಳುಗಳಿಂದ ಕೆಡಬಾರದು, ಬಣ್ಣವು ಮೈಮೇಲಿನ ಲೇಪವಾಗಿರದೆ ಮೈಯೊಳಗೇ ಬೆರೆತಿರಬೇಕು, ಮೇಲೆ ಗೀರು ಬಿದ್ದರೆ ಸುಲಭವಾಗಿ ಸರಿಪಡಿಸುವಂತಿರಬೇಕು. ಇದಕ್ಕೆ ಉತ್ತರವಾಗಿ ದೊರೆತದ್ದು ಜೈಟೆಲ್ 101 ಎಂಬ ನೈಲಾನ್. ವೇಯ್ನ್ ಲೀಕ್ ಎಂಬ ಎಂಜಿನಿಯರನ ನಾಯಕತ್ವದಲ್ಲಿ ರೂಪುಗೊಂಡ ಕೋವಿಯು 1959ರಲ್ಲಿ ಮಾರುಕಟ್ಟೆಗೆ ಬಂದಿತು. ಬೆಲೆ 49 ಡಾಲರು 95 ಸೆಂಟು, ತೂಕ ಸುಮಾರು 4 ಪೌಂಡು, ಹಿಡಿಯ ಗರ್ಭದಲ್ಲಿರುವ ಕೊಳವೆಯಲ್ಲಿ 14 ತೋಟಾಗಳು, ಬಣ್ಣದಲ್ಲಿ ಮೋಹಾಕ್ ಕಂದು, ಸೆನೆಕಾ ಹಸುರು, ಮುಂದೆ ಅಪಾಚೆ ಕಪ್ಪು.

ಈ ಕೋವಿಯ ರಚನೆಯಲ್ಲಿ ಒಂದು ವಿಶೇಷವಿದೆ. ಅದನ್ನು ಗ್ರಹಿಸದೆ ಇದರ ದುರಸ್ತಿಯ ಕಷ್ಟವನ್ನು ಗ್ರಹಿಸಲಾಗದು. ಸಾಮಾನ್ಯ ಕೋವಿಯಲ್ಲಿ ಮರದ ಹಿಡಿ ಬೇರೆ, ಬೋಲ್ಟು ಮೊದಲಾದ ಯಂತ್ರಭಾಗಗಳನ್ನು ಹೊತ್ತಿರುವ ಉಕ್ಕಿನ ರಿಸೀವರ್ ಬೇರೆ. ಒಂದನ್ನು ಬಿಚ್ಚಿ ತೆಗೆದರೆ ಇನ್ನೊಂದು ಅಖಂಡವಾಗಿ ಉಳಿಯುತ್ತದೆ. ಇಲ್ಲಿಯಾದರೋ ಹಿಡಿ ಮತ್ತು ರಿಸೀವರ್ ಎರಡೂ ಒಂದೇ ನೈಲಾನಿನ ಕಾಯ. ಎಡಬಲದ ಎರಡು ಅರ್ಧಗಳನ್ನು ಬೇರೆಬೇರೆಯಾಗಿ ಅಚ್ಚುಹೊಯ್ದು ಒಂದಾಗಿ ಬೆಸೆದಿದ್ದಾರೆ. ನೋಡುವವರಿಗೆ ಉಕ್ಕಿನ ರಿಸೀವರಿನಂತೆ ತೋರುವ ಕರಿಯ ಭಾಗವು ವಾಸ್ತವವಾಗಿ ಮೇಲೆ ಹೊದಿಸಿದ ತೆಳುವಾದ ತಗಡು. ಉಕ್ಕಿನ ಬೋಲ್ಟು ಎಣ್ಣೆಯ ಹಂಗಿಲ್ಲದೆ ನೈಲಾನಿನ ಜಾಡುಗಳಲ್ಲಿ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಎಣ್ಣೆಯು ಹೆಪ್ಪುಗಟ್ಟಿ ಇತರ ಕೋವಿಗಳು ಮುಷ್ಕರ ಹೂಡುವ ಅಲಾಸ್ಕಾದ ಚಳಿಯಲ್ಲಿ, ಬೇಟೆಯಿಂದಲೇ ಜೀವನ ಸಾಗಿಸುವ ಜನರು ಇದನ್ನು ಆಪ್ತವಾಗಿ ಹಿಡಿದುಕೊಂಡದ್ದಕ್ಕೆ ಇದೇ ಕಾರಣ.

ಪ್ಲಾಸ್ಟಿಕ್ಕಿನ ಕೋವಿಯೆಂದು ಮೂಗುಮುರಿದವರು ಆ ಕಾಲದಲ್ಲಿಯೂ ಕಡಮೆಯಿರಲಿಲ್ಲ. ಅವರ ಸಂದೇಹವನ್ನು ನಿವಾರಿಸಬೇಕೆಂದು ಕಂಪನಿಯ ಪ್ರತಿನಿಧಿಯಾದ ಟಾಮ್ ಫ್ರೈ ಎಂಬಾತನು 1959ರಲ್ಲಿ, ಗಾಳಿಯಲ್ಲಿ ಎಸೆದ ಸಣ್ಣ ಮರದ ತುಂಡುಗಳಿಗೆ ದಿನದಿನವೂ ಗುರಿಯಿಟ್ಟು, 1,00,010 ತುಂಡುಗಳಲ್ಲಿ ಕೇವಲ 6ನ್ನು ಮಾತ್ರ ತಪ್ಪಿದನು. ಅದಕ್ಕೆ ಮೊದಲು ಟೆಕ್ಸಾಸಿನ ಆಡಾಲ್ಫ್ ಟೊಪರ್‌ವೈನ್ 1907ರಲ್ಲಿ 72,500 ತುಂಡುಗಳಲ್ಲಿ 9ನ್ನು ತಪ್ಪಿದ್ದೇ ಅರ್ಧ ಶತಮಾನದ ಕಾಲ ಮೇಲ್ಪಂಕ್ತಿಯಾಗಿತ್ತು. ಫ್ರೈಯ ಸಾಹಸವು ಜಾಹೀರಾತಿಗಾಗಿ ನಡೆದದ್ದೆಂಬುದು ನಿಜ. ಆದರೂ ಅಷ್ಟು ಸಹಸ್ರ ಸಲ ಸಿಡಿದ ನೈಲಾನಿನ ಕಾಯವು ಸಡಿಲಗೊಳ್ಳದೆ ನಿಂತಿತೆಂಬುದು ಅದಕ್ಕಿಂತ ಹಿರಿದಾದ ನಿಜ. 1980ರ ದಶಕದ ಕೊನೆಯ ತನಕ ಹತ್ತು ಲಕ್ಷಕ್ಕೂ ಮಿಕ್ಕಿ ಇಂತಹ ಕೋವಿಗಳು ತಯಾರಾದವು. ಆಮೇಲೆ ತಯಾರಿಕೆ ನಿಂತಿತು. ಬ್ರೆಜಿಲ್ಲಿನ ಕಂಪನಿಯೊಂದು ಕೆಲಕಾಲ ಅದೇ ಮಾದರಿಯದನ್ನು ಮಾಡಿತು. ಡ್ಯುಪಾಂಟ್ 1993ರಲ್ಲಿ ರೆಮಿಂಗ್ಟನ್ನನ್ನು ಮಾರಿತು. 2018ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ಆ ಕಂಪನಿ ದಿವಾಳಿಯ ಅರ್ಜಿ ಹಾಕಿ, ಭಾಗಭಾಗವಾಗಿ ಹರಾಜಾಯಿತು. 1816ರಲ್ಲಿ ಆರಂಭವಾದ ಉದ್ಯಮಕ್ಕೆ ನೆಲೆಯಾಗಿದ್ದ, ನ್ಯೂಯಾರ್ಕ್ ರಾಜ್ಯದ ಇಲಿಯನ್ ಎಂಬ ಊರಿನ ಕಾರ್ಖಾನೆಯು 2024ರ ಮಾರ್ಚಿನಲ್ಲಿ ಮುಚ್ಚಿತು. ಕೋವಿಗಳು ಮಾತ್ರ ಉಳಿದಿವೆ. ಅಮೆರಿಕದ ಸಹಸ್ರಾರು ಮನೆಗಳಲ್ಲಿ, ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ಬಂದು, ಈಗ ಒಂದೊಂದಾಗಿ ದುರಸ್ತಿಗೆ ಕಾದಿವೆ.

ದುರಸ್ತಿಗಾರನು ಇಂತಹ ಕೋವಿಯನ್ನು ಕೈಗೆತ್ತಿಕೊಂಡಾಗ ಮೊಟ್ಟಮೊದಲು ಮಾಡತಕ್ಕದ್ದು ಅದು ಖಾಲಿಯಾಗಿದೆಯೇ ಎಂಬ ಪರೀಕ್ಷೆ. ತೋಟಾಗಳು ಹಿಡಿಯ ಒಳಗೆ ಕಣ್ಣಿಗೆ ಬೀಳದಂತೆ ಅಡಗಿರುವುದರಿಂದ, ನಳಿಗೆಯನ್ನು ಇಣಿಕಿ ನೋಡಿದ ಮಾತ್ರಕ್ಕೆ ನಿಶ್ಚಿಂತನಾಗುವಂತಿಲ್ಲ. ಅನಂತರ ತಗಡಿನ ಹೊದಿಕೆಯನ್ನು ಬಿಚ್ಚಿದರೆ ಅರವತ್ತು ವರ್ಷಗಳ ಇತಿಹಾಸ ಅಲ್ಲಿ ಕಾಣಸಿಗುತ್ತದೆ: ಮೇಣ, ಸೀಸದ ಪುಡಿ, ಸುಟ್ಟ ಮದ್ದಿನ ಮಸಿ, ಇವುಗಳ ಜೊತೆಗೆ, ಯಾರೋ ಒಳ್ಳೆಯದಾಗಲಿ ಎಂದು ಸುರಿದ ಎಣ್ಣೆಯು ಧೂಳಿನೊಡನೆ ಬೆರೆತು ಆದ ಅಂಟು. ಎಣ್ಣೆ ಬೇಡದ ಯಂತ್ರಕ್ಕೆ ಎಣ್ಣೆ ಹಾಕಿದ್ದೇ ಅನೇಕ ಕೋವಿಗಳ ಕಾಯಿಲೆಯ ಮೂಲ. ಅದನ್ನು ತೊಳೆದು ಒಣಗಿಸಿದರೆ, ತೋಟಾ ಸಿಕ್ಕಿಕೊಳ್ಳುವ, ಬೋಲ್ಟು ಅರ್ಧಕ್ಕೆ ನಿಲ್ಲುವ ತೊಂದರೆಗಳು ಬಹಳ ಮಟ್ಟಿಗೆ ತಾವಾಗಿಯೇ ಶಮನವಾಗುತ್ತವೆ. 1887ರಷ್ಟು ಹಿಂದೆ ಹುಟ್ಟಿ ಇಂದಿಗೂ ಬಳಕೆಯಲ್ಲಿರುವ ಪಾಯಿಂಟ್ 22 ಲಾಂಗ್ ರೈಫಲ್ ತೋಟಾದಲ್ಲಿ ಸಿಡಿಮದ್ದು ಇರುವುದು ಅದರ ತಳದ ಅಂಚಿನೊಳಗೆ. ಕೋವಿಯ ಸೂಜಿ ಹೊಡೆಯುವುದೂ ಆ ಅಂಚನ್ನೇ. ತೋಟಾ ಇಲ್ಲದೆ ಬರಿಗೋವಿಯ ಕುದುರೆಯನ್ನು ಮತ್ತೆಮತ್ತೆ ಎಳೆದರೆ ಸೂಜಿಯು ನಳಿಗೆಯ ಬುಡದ ಅಂಚಿಗೇ ತಾಗಿ ಅಲ್ಲೊಂದು ಸಣ್ಣ ಉಬ್ಬನ್ನೆಬ್ಬಿಸುವುದುಂಟು. ಆಗ ಲೋಹವನ್ನು ಅರದಿಂದ ಕೆರೆದು ತೆಗೆಯದೆ, ನಯವಾದ ಉಕ್ಕಿನ ಕಡ್ಡಿಯಿಂದ ಅದನ್ನು ಮೊದಲಿನ ಸ್ಥಳಕ್ಕೇ ಒತ್ತಿ ಕೂರಿಸುವವನು ಬಲ್ಲವನು. ಕೆರೆದು ತೆಗೆದ ಲೋಹವು ಮತ್ತೆ ಬರುವುದಿಲ್ಲ.

ತಗಡಿನ ಹೊದಿಕೆಗೆ ಹಿಡಿದ ತುಕ್ಕಿನ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲುತ್ತದೆ. ಬೆವರಿನ ಕೈಗಳು ಹಿಡಿದೆತ್ತುವ ಕೋವಿಯ ನಡುಭಾಗದಲ್ಲಿ ಮೊದಲು ತುಕ್ಕು ಕಾಣಿಸಿಕೊಳ್ಳುತ್ತದೆ. ಅವಸರದವನು ಅದನ್ನು ಯಂತ್ರದ ಚಕ್ರಕ್ಕೆ ಕೊಟ್ಟು ಬೆಳ್ಳಗೆ ಉಜ್ಜಿ, ಮೇಲೆ ಹೊಸ ಕಪ್ಪುಬಣ್ಣ ಹಾಕಿ, ಹೊಸದರಂತೆ ಹೊಳೆಯಿತೆಂದು ಹಿಗ್ಗುತ್ತಾನೆ. ತಿಳಿದವನು ಆ ಬಿಡಿಭಾಗವನ್ನು ಶುದ್ಧ ನೀರಿನಲ್ಲಿ ಕುದಿಸುತ್ತಾನೆ. ಉಕ್ಕಿನ ಮೇಲಿನ ಕೆಂಪುತುಕ್ಕು ಕುದಿಯುವ ನೀರಿನಲ್ಲಿ ಕಪ್ಪು ಆಕ್ಸೈಡಾಗಿ ಪರಿವರ್ತನೆ ಹೊಂದುತ್ತದೆ. ಸಡಿಲವಾಗಿ ನಿಂತದ್ದನ್ನು ಮೃದುವಾದ ತಂತಿಯ ಬ್ರಷ್ಷಿನಿಂದ ತೆಗೆದು ತೆಳುವಾಗಿ ಎಣ್ಣೆ ಸವರಿದರೆ, ಅಳಿದುಳಿದ ಮೂಲಬಣ್ಣವೂ ಈ ಹೊಸ ಕಪ್ಪೂ ಒಂದರೊಳಗೊಂದು ಬೆರೆತು ನಿಲ್ಲುತ್ತವೆ. ಕೆಲಸ ನಿಧಾನದ್ದು, ಆದರೆ ಅದರಿಂದ ಏನೂ ನಷ್ಟವಾಗುವುದಿಲ್ಲ. ನಷ್ಟದ ಮಾತೇಕೆಂದರೆ, ರೆಮಿಂಗ್ಟನ್ನಿನವರು ನಳಿಗೆಯ ಬುಡದಲ್ಲಿ ಸಣ್ಣ ಅಕ್ಷರಗಳನ್ನು ಒತ್ತುತ್ತಿದ್ದರು. ಮೊದಲನೆಯ ಅಕ್ಷರ ತಿಂಗಳನ್ನೂ ಮುಂದಿನದು ವರ್ಷವನ್ನೂ ಸೂಚಿಸುತ್ತದೆ. ಅಮೆರಿಕದಲ್ಲಿ 1968ರ ಶಾಸನ ಬರುವ ತನಕ ಇಂತಹ ಸಣ್ಣ ಕೋವಿಗಳಿಗೆ ಕ್ರಮಸಂಖ್ಯೆ ಹಾಕಬೇಕೆಂಬ ಕಡ್ಡಾಯವಿರಲಿಲ್ಲವಾದ್ದರಿಂದ, ಮೊದಲ ದಶಕದ ಅನೇಕ ಕೋವಿಗಳಿಗೆ ಆ ಎರಡು ಅಕ್ಷರಗಳೇ ಜನ್ಮಪತ್ರಿಕೆ. ಹೊಳಪಿನ ವ್ಯಾಮೋಹದಿಂದ ಅದನ್ನು ಉಜ್ಜಿ ಅಳಿಸಿದ ದುರಸ್ತಿಯನ್ನು ನಾನು ದುರಸ್ತಿಯೆಂದು ಒಪ್ಪುವುದಿಲ್ಲ.

ಇಷ್ಟರ ತನಕ ಹೇಳಿದ್ದು ಉಕ್ಕಿನ ಮಾತು. ನೈಲಾನಿನ ಕಾಯಕ್ಕೆ ಬಂದರೆ ಕುಶಲಿಯ ಪರಂಪರಾಗತ ವಿದ್ಯೆಯೆಲ್ಲವೂ ಕೈಕೊಡುತ್ತದೆ. ಮರದ ಹಿಡಿ ತಗ್ಗುಬಿದ್ದರೆ ಒದ್ದೆಬಟ್ಟೆಯ ಹಬೆ ತಾಗಿಸಿ ಎಬ್ಬಿಸಬಹುದು, ಸೀಳಿದರೆ ಅಂಟು ಹಾಕಿ ಬಿಗಿಯಬಹುದು, ಮುರಿದರೆ ಅದೇ ಜಾತಿಯ ತುಂಡನ್ನು ಕಸಿಮಾಡಬಹುದು. ನೈಲಾನು ಇದಾವುದಕ್ಕೂ ಒಡಂಬಡದು. ಎಣ್ಣೆ, ಪೆಟ್ರೋಲು, ದ್ರಾವಕಗಳು ತನ್ನನ್ನು ತಾಗದಿರಲಿ ಎಂದು ಯಾವ ಗುಣಕ್ಕಾಗಿ ಅದನ್ನು ಆರಿಸಿದರೋ ಆ ಗುಣದ ದೆಸೆಯಿಂದಲೇ ಸಾಮಾನ್ಯವಾದ ಅಂಟುಗಳೂ ಅದಕ್ಕೆ ಹಿಡಿಯುವುದಿಲ್ಲ. ಅದನ್ನು ಕರಗಿಸಬಲ್ಲ ಫಾರ್ಮಿಕ್ ಆಮ್ಲದಂತಹ ದ್ರವಗಳು ಮನೆಯ ಮೇಜಿನ ಮೇಲೆ ಇಟ್ಟುಕೊಳ್ಳತಕ್ಕವಲ್ಲ. ಇನ್ನೊಂದು ಸೂಕ್ಷ್ಮವಿದೆ. ನೈಲಾನು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ್ಯ; ಸಾಧಾರಣ ಹವೆಯಲ್ಲಿ ತನ್ನ ತೂಕದ ನೂರಕ್ಕೆ 2ರಿಂದ 3ರಷ್ಟು ನೀರು ಅದರ ಮೈಯಲ್ಲಿ ನೆಲಸಿರುತ್ತದೆ, ಆ ನೀರೇ ಅದಕ್ಕೆ ಬಗ್ಗಿ ನಿಲ್ಲುವ ಬಲವನ್ನು ಕೊಡುತ್ತದೆ. ಒಲೆಯ ಬದಿಯ ಒಣಹವೆಯಲ್ಲಿ ದಶಕಗಳ ಕಾಲ ನಿಂತ ಕೋವಿ ಈ ತೇವವನ್ನು ಕಳೆದುಕೊಂಡು ಪೆಡಸಾಗುತ್ತದೆ. ಸೂರ್ಯನ ಅತಿನೇರಳೆ ಕಿರಣಗಳು ಮೇಲ್ಮೈಯನ್ನು ಮತ್ತಷ್ಟು ಬಡವಾಗಿಸುತ್ತವೆ. ಹೀಗೆ ಪೆಡಸಾದದ್ದು ಒಂದು ದಿನ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಬಿರುಕು ಬಿಡುವುದು ಆಶ್ಚರ್ಯವಲ್ಲ. ಮೇಲಿನ ಗೀರುಗಳನ್ನಾದರೆ ನವುರಾದ ಉಕ್ಕಿನ ನಾರಿನಿಂದ ಒಂದೇ ದಿಕ್ಕಿನಲ್ಲಿ ಉಜ್ಜಿ ತಕ್ಕಮಟ್ಟಿಗೆ ಮರೆಸಬಹುದು, ಬಣ್ಣವು ಒಡಲಲ್ಲೇ ಇರುವುದರಿಂದ. ಆದರೆ ಕಾಯವೇ ಬಿರಿದರೆ, ಅದರಲ್ಲಿಯೂ ನಳಿಗೆಯನ್ನೋ ಬೋಲ್ಟನ್ನೋ ಹೊತ್ತ ಭಾಗದಲ್ಲಿ ಬಿರಿದರೆ, ಅದನ್ನು ಅಂಟಿಸಿ ಮತ್ತೆ ಗುಂಡು ಹಾರಿಸುವುದು ಅವಿವೇಕ. ಹಿಡಿಯೂ ರಿಸೀವರೂ ಒಂದೇ ಆಗಿರುವ ಕಾರಣ ಬದಲಿಸುವುದೆಂದರೆ ಇಡೀ ಕಾಯವನ್ನೇ ಬದಲಿಸಬೇಕು. ಹೊಸ ಕಾಯವನ್ನು ಅಚ್ಚುಹೊಯ್ಯುವವರು ಯಾರೂ ಉಳಿದಿಲ್ಲ. ಆದ್ದರಿಂದ ದುರಸ್ತಿಗಾರನು ನಳಿಗೆ ಕೆಟ್ಟು ಕಾಯ ಉಳಿದ ಮತ್ತೊಂದು ಕೋವಿಯನ್ನು ಅರಸಿ ತರಬೇಕಾಗುತ್ತದೆ. ಹಿಡಿಯ ಮುಂಭಾಗದಲ್ಲಿ ಕೂರಿಸಿರುವ ಬಿಳಿಯ ವಜ್ರಾಕೃತಿಯ ಚೂರು ಬಿದ್ದುಹೋದರೂ ಇದೇ ಪಾಡು: ಒಂದು ಕೋವಿಯನ್ನು ಬಲಿಕೊಟ್ಟು ಇನ್ನೊಂದನ್ನು ಬದುಕಿಸಬೇಕು.

ಇಲ್ಲಿಯೇ ನನ್ನ ಆಕ್ಷೇಪಣೆಯ ತಿರುಳು ಇರುವುದು. ಆರೈಕೆಯನ್ನೇ ಬೇಡದ ವಸ್ತುವನ್ನು ಮಾಡಿದೆವೆಂದು ತಯಾರಕರು ಹೆಮ್ಮೆಪಟ್ಟರು. ಆ ಹೆಮ್ಮೆಗೆ ಆಧಾರವಿತ್ತೆಂಬುದನ್ನು ಕಾಲವೇ ರುಜುವಾತುಪಡಿಸಿದೆ. ಆದರೆ ಆರೈಕೆ ಬೇಡದ ವಸ್ತು ಎಂಬುದಕ್ಕೂ ಆರೈಕೆ ಸಾಧ್ಯವಿಲ್ಲದ ವಸ್ತು ಎಂಬುದಕ್ಕೂ ಇರುವ ಅಂತರವನ್ನು ಅವರು ಯೋಚಿಸಲಿಲ್ಲ. ಮರದ ಹಿಡಿಯನ್ನು ತಯಾರಿಸಿದ ಕಂಪನಿ ಮುಚ್ಚಿಹೋದರೂ ಮರವು ಇದೆ, ಬಡಗಿಯಿದ್ದಾನೆ, ಉಳಿ ಇದೆ. ನೈಲಾನಿನ ಹಿಡಿಯನ್ನು ತಯಾರಿಸಿದ ಕಂಪನಿ ಮುಚ್ಚಿಹೋದರೆ ಅಚ್ಚೂ ನಕ್ಷೆಯೂ ಅದರೊಡನೆ ಮುಚ್ಚಿಹೋಗುತ್ತವೆ. ಲೋಕವು ಕೃತಕ ದ್ರವ್ಯಗಳ ಕಡೆಗೆ ಹೊರಳಿದಾಗ ವಸ್ತುವನ್ನು ಸರಿಪಡಿಸುವ ಅಧಿಕಾರವು ಊರಿನ ಕುಶಲಿಯ ಕೈಯಿಂದ ಕಾರ್ಖಾನೆಯ ಅಚ್ಚಿನ ಕೋಣೆಗೆ ಸದ್ದಿಲ್ಲದೆ ವರ್ಗಾವಣೆಯಾಯಿತು. ದೋಷವು ನೈಲಾನಿನದಲ್ಲ. ಲಕ್ಷಗಟ್ಟಲೆ ವಸ್ತುಗಳನ್ನು ಲೋಕದಲ್ಲಿ ಹರಡಿ, ಲಾಭವನ್ನು ಪಡೆದು, ತಯಾರಿಕೆಯನ್ನು ನಿಲ್ಲಿಸುವ ದಿನ ಅವುಗಳ ಭವಿಷ್ಯದ ಹೊಣೆಯನ್ನು ಯಾರಿಗೂ ಒಪ್ಪಿಸದೆ ಎದ್ದುಹೋಗುವ ವ್ಯವಸ್ಥೆಯದು.

ಇಂತಹ ಹೊಣೆಯನ್ನು ಶಾಸನದಿಂದ ವಿಧಿಸುವುದು ಅಸಾಧ್ಯವೆಂದು ಹೇಳುವ ಕಾಲವೂ ಈಗ ಕಳೆದಿದೆ. ರೆಮಿಂಗ್ಟನ್ನಿನ ತವರಾದ ನ್ಯೂಯಾರ್ಕ್ ರಾಜ್ಯವೇ 2022ರ ಕೊನೆಯಲ್ಲಿ, ವಿದ್ಯುನ್ಮಾನ ಉಪಕರಣಗಳನ್ನು ತಯಾರಿಸುವವರು ಬಿಡಿಭಾಗಗಳನ್ನೂ ದುರಸ್ತಿಯ ವಿವರಗಳನ್ನೂ ಗ್ರಾಹಕರಿಗೆ ಒದಗಿಸತಕ್ಕದ್ದೆಂಬ ಕಾನೂನಿಗೆ ಅಂಕಿತ ಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿಗೆಂದು ಜಾಲತಾಣವೊಂದನ್ನು ತೆರೆದು, ಮೊಬೈಲು, ವಾಹನ, ಗೃಹೋಪಕರಣ, ಕೃಷಿಯಂತ್ರಗಳ ತಯಾರಕರು ತಮ್ಮ ದುರಸ್ತಿಯ ಮಾಹಿತಿಯನ್ನು ಅಲ್ಲಿ ಪ್ರಕಟಿಸುವಂತೆ ಮಾಡಿತು. ಇವೆಲ್ಲವೂ ಸ್ವಾಗತಾರ್ಹ, ಆದರೆ ಇವೆಲ್ಲವೂ ಬದುಕಿರುವ ಕಂಪನಿಗಳ ಮಾತು. ತಯಾರಿಕೆ ನಿಂತುಹೋದ ವಸ್ತುವಿನ ಅಚ್ಚು, ಅಳತೆ, ನಕ್ಷೆಗಳು ಏನಾಗಬೇಕೆಂಬ ಪ್ರಶ್ನೆಗೆ ಇವು ಉತ್ತರ ಕೊಡುವುದಿಲ್ಲ.

ಕೋವಿಯಂತಹ ಮಾರಕವಾದ ವಸ್ತುವಿನ ವಿಷಯದಲ್ಲಿ ಈ ವಾದವನ್ನು ಹೂಡುವುದು ಉಚಿತವೇ, ಹಳೆಯ ಕೋವಿಗಳು ತುಕ್ಕು ಹಿಡಿದು ಅಳಿದುಹೋಗುವುದೇ ಲೋಕಕ್ಕೆ ಕ್ಷೇಮವಲ್ಲವೇ ಎಂದು ಕೇಳುವ ಸಜ್ಜನರು ಇದ್ದಾರೆ. ಅವರ ಕಳವಳ ಅಲಕ್ಷಿಸತಕ್ಕದ್ದಲ್ಲ. ನಮ್ಮ ದೇಶದಲ್ಲಿ, ಈ ಕೋವಿ ಹುಟ್ಟಿದ 1959ರಲ್ಲಿಯೇ ಅಂಗೀಕಾರವಾದ ಆಯುಧ ಅಧಿನಿಯಮದ 5ನೆಯ ಪ್ರಕರಣವು, ಆಯುಧಗಳನ್ನು ತಯಾರಿಸುವುದಕ್ಕೆ, ಮಾರುವುದಕ್ಕೆ ಮಾತ್ರವಲ್ಲದೆ ದುರಸ್ತಿ ಮಾಡುವುದಕ್ಕೂ ಪರವಾನಗಿ ಬೇಕೆಂದು ವಿಧಿಸಿದೆ. ಇದು ಸರಿಯಾದ ವಿಧಿಯೆಂದೇ ನಾನು ತಿಳಿಯುತ್ತೇನೆ. ಏತಕ್ಕೆಂದರೆ, ದುರಸ್ತಿಯಿಲ್ಲದೆ ಉಳಿದ ಕೋವಿಯು ಅಪಾಯರಹಿತವಾಗುವುದಿಲ್ಲ. ಬಿರುಕುಬಿಟ್ಟ ಕಾಯವನ್ನು ಅರೆತಿಳಿವಳಿಕೆಯವನು ಸುತ್ತಿ ಬಿಗಿದು ಹಾರಿಸಿದಾಗ ಆಗುವ ಅಪಾಯವೇ ಅತಿಶಯ. ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿಗೆ ಹೂವಿಟ್ಟು ಪೂಜಿಸುವ ಕೊಡಗಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ: ಮನೆತನದ ಕೋವಿಯನ್ನು ಸುಸ್ಥಿತಿಯಲ್ಲಿಡುವುದು ಪೂರ್ವಿಕರ ಸ್ಮರಣೆಗೆ ಸಲ್ಲುವ ಮರ್ಯಾದೆಯಾದಂತೆಯೇ ಮನೆಯವರ ಸುರಕ್ಷೆಯೂ ಹೌದು. ನಕ್ಷೆಗಳು ದುರ್ಜನರ ಕೈ ಸೇರಿಯಾವೆಂಬ ಭಯಕ್ಕೆ ಪರಿಹಾರವೂ ಪರವಾನಗಿಯ ಈ ಏರ್ಪಾಡಿನಲ್ಲಿಯೇ ಇದೆ. ಅವನ್ನು ಪರವಾನಗಿಯುಳ್ಳ ದುರಸ್ತಿಗಾರರಿಗೆ ಮಾತ್ರ ಕೊಟ್ಟರಾಯಿತು.

ಆದಕಾರಣ ನನ್ನ ಬೇಡಿಕೆ ಇಷ್ಟು. ದುರಸ್ತಿಯ ಹಕ್ಕನ್ನು ಕುರಿತು ನಮ್ಮಲ್ಲಿ ಮುಂದೆ ಯಾವ ಶಾಸನ ರಚಿತವಾದರೂ, ಅಚ್ಚಿನಲ್ಲಿ ಹೊಯ್ದ ಬಾಳಿಕೆಯ ವಸ್ತುಗಳನ್ನು ತಯಾರಿಸುವವರು ಆ ತಯಾರಿಕೆಯನ್ನು ನಿಲ್ಲಿಸುವಾಗ, ಅಥವಾ ದಿವಾಳಿಯಾಗಿ ಆಸ್ತಿ ಹರಾಜಾಗುವಾಗ, ಬಿಡಿಭಾಗಗಳ ಅಳತೆಯನ್ನೂ ನಕ್ಷೆಯನ್ನೂ ದ್ರವ್ಯದ ವಿವರವನ್ನೂ ಸಾರ್ವಜನಿಕ ಸಂಸ್ಥೆಯೊಂದರ ವಶಕ್ಕೆ ಒಪ್ಪಿಸತಕ್ಕದ್ದೆಂಬ ಒಂದು ಪ್ರಕರಣ ಅದರಲ್ಲಿರಬೇಕು. ಹೊಲಿಗೆಯಂತ್ರವಾಗಲಿ, ರೇಡಿಯೋ ಆಗಲಿ, ನೀರೆತ್ತುವ ಪಂಪಾಗಲಿ, ಯಾವುದಕ್ಕೂ ವಿನಾಯಿತಿ ಇರಬಾರದು. ಗ್ರಾಹಕ ವ್ಯವಹಾರಗಳ ಇಲಾಖೆ ಈಗಾಗಲೇ ತೆರೆದಿರುವ ಜಾಲತಾಣಕ್ಕೆ ಈ ಭಂಡಾರವನ್ನು ಸೇರಿಸುವುದಕ್ಕೆ ದೊಡ್ಡ ವೆಚ್ಚವೇನೂ ತಗಲದು. ನಮ್ಮ ಸಂಸದರೂ ಗ್ರಾಹಕರ ಸಂಘಗಳೂ ಈ ಪ್ರಶ್ನೆಯನ್ನು ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.